ಜಮ್ಮಿಗುಟ್ಟದ ಬನ್ನಿ

ಕೂಕಟ್‌ಪಲ್ಲಿ, ಹೈದರಾಬಾದ್
೧೦ ಡಿಸೆಂಬರ್ ೨೦೨೪

ಗೊಲ್ಲಾಳಪ್ಪನವರಿಗೆ ನಮಸ್ಕಾರ.

ನನ್ನ ಹೆಸರು ನಿರೀಕ್ಷಾ. ನಿಮಗೆ ನನ್ನ ಪರಿಚಯವಿಲ್ಲ. ಊರು ಕುಂದಾಪುರದ ಹತ್ತಿರ. ಇಲ್ಲಿ ಹಿಮಾಯತ್‌ನಗರದ ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ. ಈ ಚಳಿಗಾಲದಿಂದ ಪ್ರತಿ ಭಾನುವಾರ ಕುಷಾಯಿಗೂಡದ ನಿಮ್ಮ ಜಮ್ಮಿಗುಟ್ಟವೆಂಬ ಗುಡ್ಡಕ್ಕೆ ಹೋಗಿ, ಲಂಟಾನ ಕಿತ್ತು, ಬಳ್ಳಾರಿ ಜಾಲಿ ಕಡಿದು, ಬೇಸಿಗೆಯ ಬೆಂಕಿ ಹಬ್ಬದಿರಲೆಂದು ಒಣಹುಲ್ಲು ಕೆರೆಯುವವರಲ್ಲಿ ನಾನೂ ಒಬ್ಬಳು. ಗುಂಪು ಕಟ್ಟಿದವರು ನೀವಂತೆ. ದೀಪಾವಳಿಗೆ ಮಗಳ ಮನೆಗೆಂದು ಕಲಬುರಗಿಗೆ ಹೋದ ನೀವು ಮರಳಿ ಬಂದಿಲ್ಲವಾದ್ದರಿಂದ ಈಗ ಗುರುದೇವಿ ಮೇಡಂ ನಡೆಸುತ್ತಿದ್ದಾರೆ. ಈ ಕಾಗದ ಬರೆಯಲು ಹೇಳಿದವರೂ ಅವರೇ. ನೀವು ಫೋನು ಎತ್ತುವುದಿಲ್ಲವಂತೆ.

ವಿಷಯ ಇಷ್ಟು. ಮೊನ್ನೆ ಭಾನುವಾರ ಮೇಡಂ ಆಚೆ ಇಳಿಜಾರಿನಲ್ಲಿದ್ದರು. ಈಚೆ ಕಡೆಯ ಜಾಲಿ ನನಗೂ ಕೌಶಲನಿಗೂ ಒಪ್ಪಿಸಿದ್ದರು. ಕೌಶಲ ಬೆಂಗಳೂರಿನ ಹುಡುಗ, ನನ್ನ ಹಾಗೆಯೇ ಹೊಸಬ. ಜಾಲಿಯ ಪೊದೆಯ ನಡುವೆ ಅದೇ ತರಹದ ಎಲೆಯ, ಅದೇ ತರಹ ಮುಳ್ಳಿನ ಮರವೊಂದಿತ್ತು. ಕೌಶಲ ಹಿಡಿದುಕೊಂಡ, ನಾನು ಗರಗಸ ಆಡಿಸಿದೆ. ಮೇಡಂ ಚಹಾ ತೆಗೆದುಕೊಂಡು ಬಂದವರು ಫ್ಲಾಸ್ಕು ನೆಲಕ್ಕಿಟ್ಟು ಅಲ್ಲೇ ಕೂತುಬಿಟ್ಟರು. “ಯವ್ವಾ, ಇದು ಬನ್ನಿ ಅಲ್ಲೇನ,” ಎಂದರು. ಗುಟ್ಟದ ಕೆಳಗಿನ ಕಾಲೊನಿಯಲ್ಲಿರುವ ನಿಮ್ಮ ಕಡೆಯ ಜನರೆಲ್ಲ ದಸರೆಯ ಸಂಜೆ ಎಲೆ ಕಿತ್ತು ಒಬ್ಬರಿಗೊಬ್ಬರು ಹಂಚಿಕೊಳ್ಳುವ ಮರ ಅದೇ ಎಂದು ಆಮೇಲೆ ಗೊತ್ತಾಯಿತು.

ನಮ್ಮೂರಿನ ಕಡೆ ಬನ್ನಿ ಕಾಡಿನಲ್ಲಿ ಸಿಗುವ ಮರವಲ್ಲ. ನನಗೆ ಯಾರೂ ತೋರಿಸಿರಲಿಲ್ಲ. ಆದರೂ ಆದದ್ದಕ್ಕೆ ವಿಷಾದವಿದೆ. ಅದರ ಬದಲಿಗೆ ನರ್ಸರಿಯಿಂದ ಎರಡು ಸಸಿ ತಂದು ನೆಡಲು ನಾವಿಬ್ಬರೂ ಸಿದ್ಧ.

ಇತಿ,
ನಿರೀಕ್ಷಾ


ಕಲಬುರಗಿ
೧೭ ಡಿಸೆಂಬರ್ ೨೦೨೪

ನಿರೀಕ್ಷಾ ಅವರಿಗೆ,

ಕಾಗದ ಮುಟ್ಟಿತು. ಮೊದಲು ಕ್ಷೇಮ ಕೇಳಬೇಕಂತೆ. ನನಗೆ ಮನಸ್ಸಿಲ್ಲ, ಕೇಳುವುದಿಲ್ಲ.

ಎರಡು ಸಸಿ ನೆಡುತ್ತೀರಾ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಾನು ಆ ಕಾಲೊನಿಗೆ ಬಂದಾಗ ಆ ಬನ್ನಿ ನನ್ನ ಮೊಣಕಾಲಿನೆತ್ತರ ಇತ್ತು. ಯಾರೂ ನೆಟ್ಟದ್ದಲ್ಲ, ತಾನಾಗಿ ಹುಟ್ಟಿದ್ದು. ನಾನು ಕಾರ್ಖಾನೆಯಿಂದ ನಿವೃತ್ತನಾಗುವ ಹೊತ್ತಿಗೆ ನನ್ನ ತೊಡೆಯಷ್ಟು ದಪ್ಪ ಆಗಿತ್ತು. ಒಂದು ಕೆಲಸದ ಜೀವಮಾನವಿಡೀ ಬೆಳೆದು ಅಷ್ಟು. ನೀವು ಚಹಾ ಬರುವುದರೊಳಗೆ ಮುಗಿಸಿದಿರಿ.

ಜನರ ಕಣ್ಣು ಪರೀಕ್ಷೆ ಮಾಡಿ ಹೊಟ್ಟೆ ಹೊರೆಯುವವರು ನೀವು. ಮುಳ್ಳು ಕಾಣಲಿಲ್ಲವೇ? ಜಾಲಿಯ ಮುಳ್ಳು ಎಲೆ ಹುಟ್ಟುವ ಗೆಣ್ಣಿನಲ್ಲೇ ಜೋಡಿಯಾಗಿ ಇರುತ್ತದೆ, ದಬ್ಬಳದಂತೆ ಉದ್ದ. ಬನ್ನಿಯದು ಗಿಡ್ಡ, ಬುಡ ದಪ್ಪ, ಗೆಣ್ಣು ಬಿಟ್ಟು ನಡುನಡುವೆ. ಜಾಲಿಯ ಎಲೆ ಹಚ್ಚಗೆ ಹಸಿರು, ಬನ್ನಿಯದಕ್ಕೆ ಬೂದಿ ಬಣ್ಣ. ಅದೂ ಬೇಡ. ಗುಟ್ಟದ ಹೆಸರು ಜಮ್ಮಿಗುಟ್ಟ. ತೆಲುಗಿನವರು ಬನ್ನಿಗೆ ಜಮ್ಮಿ ಅನ್ನುತ್ತಾರೆ. ಜಮ್ಮಿ ಎಲ್ಲಿದೆ ಎಂದು ಬಸ್ಸಿನ ಕಂಡಕ್ಟರನನ್ನು ಕೇಳಿದ್ದರೂ ಹೇಳುತ್ತಿದ್ದ. ತಾನೂ ಕೆಟ್ಟು ವನವನ್ನೂ ಕೆಡಿಸಿತಂತೆ ಕೋತಿ, ಹಾಗಾಯಿತು.

ನಿಮಗೆ ಹೇಳಬೇಕಾದ್ದಲ್ಲ, ಆದರೆ ಏನು ಕಡಿದಿರಿ ಎಂದು ಗೊತ್ತಿರಲಿ. ಅದೇ ಕಾಲೊನಿಯಲ್ಲಿ ನನ್ನ ಒಡಹುಟ್ಟಿದ ತಮ್ಮ ವಿಠಲ ಇದ್ದಾನೆ. ವರ್ಷವಿಡೀ ನಮಗೆ ಮಾತಿಲ್ಲ. ದಸರೆಯ ಸಂಜೆ ಮಾತ್ರ ಅವನು ಆ ಮರದ ಎಲೆ ತಂದು ನನ್ನ ಕೈಯಲ್ಲಿಟ್ಟು ಕಾಲು ಮುಟ್ಟುತ್ತಾನೆ. ನಾನು ಅವನ ತಲೆ ಮುಟ್ಟುತ್ತೇನೆ. ಕಿರಿಯ ಕೊಟ್ಟ ಬನ್ನಿಯನ್ನು ಹಿರಿಯ ಬೇಡ ಅನ್ನುವ ಹಾಗಿಲ್ಲ, ತಿರುಗಿ ಕೊಡುವ ಹಾಗೂ ಇಲ್ಲ. ಆಮೇಲೆ ಅವನ ದಾರಿ ಅವನಿಗೆ, ನನ್ನದು ನನಗೆ. ನಮ್ಮ ನಡುವೆ ಅಷ್ಟೇ ಉಳಿದಿತ್ತು. ಅದಕ್ಕೂ ಗರಗಸ ಬಿತ್ತು.

ಒಂದು ಪ್ರಶ್ನೆಗೆ ಉತ್ತರ ಕೊಡಿ. ಜಾಲಿ ಕಡಿದ ಮೇಲೆ ಮತ್ತೆ ಚಿಗುರದಿರಲೆಂದು ಬುಡಕ್ಕೆ ಗ್ಯಾರೇಜಿನ ಸುಟ್ಟ ಎಣ್ಣೆ ಹಾಕುವುದು ನಮ್ಮ ಗುಂಪಿನ ಪದ್ಧತಿ. ನಾನೇ ಕಲಿಸಿದ್ದು. ಬನ್ನಿಯ ಬುಡಕ್ಕೆ ಎಣ್ಣೆ ಹಾಕಿದಿರಾ? ಹಾಕಿದ್ದರೆ ಅದು ಸತ್ತಿತು. ಹಾಕದಿದ್ದರೆ ಅದರ ಬೇರು ಬಾವಿಯಷ್ಟು ಆಳ, ಚಿಗುರಬಹುದು. ಗುರುದೇವಿಗೆ ನಾನೇ ಫೋನು ಮಾಡಿ ಕೇಳಿದೆ, ಹಾಕಿಲ್ಲ ಅಂದಳು. ಹಾಕಿದ್ದರೂ ನನ್ನ ಸಮಾಧಾನಕ್ಕೆ ಅವಳು ಹಾಗೇ ಅನ್ನುತ್ತಾಳೆ. ಕಡಿದ ಕೈಯೇ ಹೇಳಬೇಕು.

ಇನ್ನು ಮುಂದೆ ಗುಟ್ಟದ ಕಡೆ ಕಾಲಿಡಬೇಡಿ.

ಗೊಲ್ಲಾಳಪ್ಪ


ಕೂಕಟ್‌ಪಲ್ಲಿ
೨೪ ಡಿಸೆಂಬರ್ ೨೦೨೪

ಗೊಲ್ಲಾಳಪ್ಪನವರಿಗೆ,

ನಾನು ಕ್ಷಮೆ ಕೇಳಿ ಬರೆದೆ. ನೀವು ನನ್ನನ್ನು ಕೋತಿ ಎಂದು ಬರೆದಿರಿ. ಅದೂ ಪೆನ್ಸಿಲಿನಲ್ಲಿ, ವಕ್ರ ವಕ್ರ ಅಕ್ಷರಗಳಲ್ಲಿ. ಹೊಟ್ಟೆ ಹೊರೆಯುವವಳಿಗೆ ಶಾಯಿ ಯಾಕೆ ದಂಡ ಎಂದುಕೊಂಡಿರಬೇಕು.

ನಮ್ಮೂರಿನ ನಾಗಬನದಲ್ಲಿ ಒಣಗಿ ಬಿದ್ದ ಕಡ್ಡಿಯನ್ನೂ ಯಾರೂ ಮುಟ್ಟುವುದಿಲ್ಲ. ಯಾಕೆಂದರೆ ಅಲ್ಲಿ ಕಲ್ಲಿದೆ, ಕಲ್ಲಿಗೆ ಅರಿಶಿನವಿದೆ. ನೋಡಿದ ಮಗುವಿಗೂ ತಿಳಿಯುತ್ತದೆ. ನಿಮ್ಮ ಬನ್ನಿಗೆ ಏನಿತ್ತು? ಒಂದು ದಾರ ಇಲ್ಲ, ಕುಂಕುಮ ಇಲ್ಲ, ಕಟ್ಟೆ ಇಲ್ಲ. ಯಾಕೆ ಇಲ್ಲ ಎಂದು ಮೇಡಂ ಹತ್ತಿರ ಕೇಳಿದೆ. ಹೆಂಗಸರು ದಾರ ಕಟ್ಟಲು ಬಂದರೆ ನೀವೇ ಬೈದು ಓಡಿಸುತ್ತಿದ್ದಿರಂತೆ. ಯಾರೋ ಕಟ್ಟೆಗೆಂದು ತಂದ ಇಟ್ಟಿಗೆಯನ್ನು ನೀವೇ ಎತ್ತಿ ಬಿಸಾಡಿದಿರಂತೆ. ಅಂದರೆ ಆ ಮರಕ್ಕೆ ಗುರುತಿಲ್ಲದ ಹಾಗೆ ಮಾಡಿದವರು ನೀವು. ಗರಗಸ ನನ್ನದಿರಬಹುದು, ಅರ್ಧ ತಪ್ಪು ನಿಮ್ಮದು. ಅದನ್ನು ನೀವು ಒಪ್ಪಿಕೊಳ್ಳುವವರಲ್ಲ ಎಂದು ಕಾಗದ ನೋಡಿಯೇ ಗೊತ್ತಾಯಿತು.

ಗುಟ್ಟಕ್ಕೆ ಕಾಲಿಡಬೇಡ ಎನ್ನಲು ಅದು ನಿಮ್ಮ ಪಿತ್ರಾರ್ಜಿತವಲ್ಲ. ಬೆಳಗಿನ ಮೊದಲ ಮೆಟ್ರೊ ಹತ್ತಿ, ಅಮೀರ್‌ಪೇಟೆಯಲ್ಲಿ ಬದಲಿಸಿ, ಹಬ್ಸಿಗುಡದಲ್ಲಿ ಇಳಿದು ಬಸ್ಸು ಹಿಡಿದು ನಾನು ಅಲ್ಲಿಗೆ ಹೋಗುತ್ತಿದ್ದೇನೆ. ನಿಮಗೆ ಕಲಬುರಗಿಯಿಂದ ಒಂದು ರೈಲು ಸಾಕು. ಮರದ ಮೇಲೆ ಅಷ್ಟು ಪ್ರೀತಿಯಿದ್ದವರು ಮಗಳ ಮನೆಯಲ್ಲಿ ಕಾಲು ಚಾಚಿ ಮಲಗಿ ಪೆನ್ಸಿಲು ಆಡಿಸುತ್ತಿರಲಿಲ್ಲ. ಎಣ್ಣೆ ಹಾಕಿದ್ದೇವೋ ಇಲ್ಲವೋ ತಿಳಿಯಬೇಕಿದ್ದರೆ ಎದ್ದು ಬನ್ನಿ, ಬುಡ ನೋಡಿಕೊಳ್ಳಿ.

ನಿರೀಕ್ಷಾ


ಕಲಬುರಗಿ
೩೧ ಡಿಸೆಂಬರ್ ೨೦೨೪

ನಿರೀಕ್ಷಾ,

ಬೈಗುಳ ಆಮೇಲೆ. ಎಣ್ಣೆ ಹಾಕಿದ್ದೀಯಾ, ಇಲ್ಲವಾ? ಒಂದು ಪದ ಬರಿ. ಅಂಚೆಯವನ ಸೈಕಲ್ಲಿನ ಸದ್ದಾದಾಗಲೆಲ್ಲ ಮಗಳನ್ನು ಬಾಗಿಲಿಗೆ ಓಡಿಸುತ್ತಿದ್ದೇನೆ. ಅವಳಿಗೂ ಬೇಸರ ಬಂದಿದೆ.

ಗೊಲ್ಲಾಳಪ್ಪ


ಕೂಕಟ್‌ಪಲ್ಲಿ
೬ ಜನವರಿ ೨೦೨೫

ಗೊಲ್ಲಾಳಪ್ಪನವರಿಗೆ,

ಇಲ್ಲ.

ನೀವು ಕೇಳಿದ ಪದ ಮುಗಿಯಿತು. ಇನ್ನು ಉಳಿದದ್ದು ನಾನು ಹೇಳಬೇಕಾದ್ದು. ನನ್ನನ್ನು ಏಕವಚನದಲ್ಲಿ ಕರೆಯಲು ನಾನು ಒಪ್ಪಿಗೆ ಕೊಟ್ಟಿಲ್ಲ. ಎಣ್ಣೆಯ ಡಬ್ಬಿ ಆ ಹೊತ್ತಿಗೆ ಆಚೆ ಇಳಿಜಾರಿನಲ್ಲಿತ್ತು, ಅಷ್ಟೇ. ಹತ್ತಿರವಿದ್ದಿದ್ದರೆ ಹಾಕಿಬಿಡುತ್ತಿದ್ದೆ. ಕಳೆದ ಸಲವೇ ಬರೆಯಬಹುದಿತ್ತು, ಕೋಪದಲ್ಲಿ ಬರೆಯಲಿಲ್ಲ.

ಕಡಿದ ಜಾಲಿಯ ಕೊಂಬೆಗಳನ್ನೇ ಎಳೆದು ತಂದು ಬುಡದ ಸುತ್ತ ಬೇಲಿ ಹಾಕಿದ್ದೇನೆ, ಆಡುಗಳು ಬರುತ್ತವೆಂದು. ಕೈಗೆ ಕಾಲಿಗೆ ಗೀರು. ಅಂಗಡಿಗೆ ಬಂದವರು ಬೆಕ್ಕು ಸಾಕಿದ್ದೀಯಾ ಎಂದು ಕೇಳುತ್ತಾರೆ.

ಇನ್ನೊಂದು ಉಪದ್ರವ ಶುರುವಾಗಿದೆ. ನಾನು ಹೋಗುವ ಮೊದಲೇ ಯಾರೋ ಬುಡಕ್ಕೆ ನೀರು ಹಾಕಿರುತ್ತಾರೆ. ಈ ಭಾನುವಾರ ಆಸಾಮಿ ಕೈಗೆ ಸಿಕ್ಕರು. ಅರವತ್ತು ದಾಟಿದವರು, ದಪ್ಪ ಬಿಳಿ ಮೀಸೆ, ಎರಡು ಕೈಯಲ್ಲಿ ಎರಡು ನೀರಿನ ಕ್ಯಾನು. ಗುಂಪಿನವರಲ್ಲ. ಯಾರು ಎಂದು ಕೇಳಿದೆ. ನನ್ನ ಬೇಲಿಯನ್ನು ಕಾಲಿನಿಂದ ಸರಿಸಿ, “ಏನ್ ಬೇಲಿ ಹಾಕೀಯವ್ವ ಇದು? ಆಡು ಒಳಗ ಬಂದು ಕುಂತು ಊಟ ಮಾಡ್ತಾವು,” ಎಂದರು. ನಿಮ್ಮ ಕಡೆಯ ಮಾತು, ನಿಮ್ಮದೇ ಒರಟುತನ. ನಾನೂ ಬಿಡಲಿಲ್ಲ. ಬೇಲಿ ಚೆನ್ನಾಗಿಲ್ಲದಿದ್ದರೆ ನೀವೇ ಹಾಕಿ ತೋರಿಸಿ ಎಂದೆ. ಕ್ಯಾನು ಎತ್ತಿಕೊಂಡು ಹೊರಟುಹೋದರು.

ಇಂಥವರನ್ನು ಏನು ಮಾಡಬೇಕು, ತಿಳಿಸಿ.

ನಿರೀಕ್ಷಾ


ಕಲಬುರಗಿ
೧೫ ಜನವರಿ ೨೦೨೫

ನಿರೀಕ್ಷಾಗೆ,

ನಿನ್ನೆ ಸಂಕ್ರಾಂತಿ. ಎಳ್ಳು ಬೆಲ್ಲ ತಿಂದವರು ಒಳ್ಳೆಯ ಮಾತಾಡಬೇಕು. ನಾನು ತಿಂದಿಲ್ಲ.

ಒಪ್ಪಿಗೆ ಕೊಟ್ಟರೂ ಕೊಡದಿದ್ದರೂ ನನ್ನ ಮೊಮ್ಮಗಳ ವಯಸ್ಸಿನವಳಿಗೆ ನಾನು ನೀನು ಅಂತಲೇ ಬರೆಯುತ್ತೇನೆ. ಬೇಲಿಯ ವಿಷಯದಲ್ಲಿ ಆ ಮನುಷ್ಯ ಹೇಳಿದ್ದು ಖರೆ. ಕೊಂಬೆಯ ಕಡಿದ ತುದಿ ಒಳಗೆ, ಬುಡದ ಕಡೆ ಇರಬೇಕು. ಮುಳ್ಳಿನ ತಲೆ ಹೊರಗೆ ನೆಲಕ್ಕೆ ಬಾಗಿರಬೇಕು. ಮೇಲೆ ಕಲ್ಲು ಹೇರು. ನಿಂತಲ್ಲೇ ಕತ್ತು ಚಾಚಿದರೂ ಆಡಿಗೆ ಎಟುಕಬಾರದು. ನೀರು ದಿನಾ ಬೇಡ, ಚಳಿಯಲ್ಲಿ ಬುಡ ಕೊಳೆಯುತ್ತದೆ.

ಗುರುತಿಲ್ಲದ ಹಾಗೆ ಮಾಡಿದವನು ನಾನು ಅಂದೆ. ಹೌದು. ಯಾಕೆ ಅಂತ ಕೇಳು. ಗುಟ್ಟದ ಕೆಳಗೆ ಮೊದಲು ಒಂದು ಬೇವಿನ ಮರ ಇತ್ತು. ಯಾರೋ ಅದಕ್ಕೆ ದಾರ ಕಟ್ಟಿದರು. ದಾರ ಬಂದ ಮೇಲೆ ಕಟ್ಟೆ ಬಂತು. ಕಟ್ಟೆಯ ಮೇಲೆ ಗುಡಿ, ಗುಡಿಗೆ ಕಂಪೌಂಡು. ಜನ ಬರುತ್ತಾರೆ, ನೆರಳು ಬೇಕು ಅಂತ ತಗಡು. ಕೊನೆಗೆ ಗುಟ್ಟದ ಒಂದು ಮಗ್ಗುಲನ್ನೇ ಸಪಾಟು ಮಾಡಿ ಕಾಲೊನಿಯ ಸಂಘ ಫಂಕ್ಷನ್ ಹಾಲ್ ಕಟ್ಟಿತು. ಬೇವನ್ನೂ ಕಡಿದರು, ಕಾರು ನಿಲ್ಲಿಸಲು. ಆಗ ಸಂಘದ ಕಾರ್ಯದರ್ಶಿ ನನ್ನ ತಮ್ಮ ವಿಠಲ. ಈ ಹಾಲ್ ಗುಟ್ಟವನ್ನೇ ನುಂಗುತ್ತದೆ ಅಂತ ಕೂಗಿ ಜೆಸಿಬಿಯ ಮುಂದೆ ನಾನು ನಿಂತಿದ್ದೆ. ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದವನು ಅವನು, ಎಲ್ಲರ ಎದುರು. ಅಂದಿನಿಂದ ನಮಗೆ ಮಾತಿಲ್ಲ. ಬನ್ನಿಗೂ ಅದೇ ಗತಿ ಬರಬಾರದು ಅಂತ ದಾರ ಕಟ್ಟಲು ಬಿಡಲಿಲ್ಲ. ಸಂಘದಿಂದ ಉಳಿಸಿದೆ, ನಿನ್ನಿಂದ ಉಳಿಸಲಾಗಲಿಲ್ಲ.

ನೀರು ಹಾಕುವವನ ಎಡಗೈ ನೋಡು. ಉಂಗುರ ಬೆರಳಿನ ತುದಿ ಇದೆಯಾ ಇಲ್ಲವಾ, ಬರಿ. ವಿಠಲನ ಬೆರಳು ಕಾರ್ಖಾನೆಯ ಪ್ರೆಸ್ ಯಂತ್ರಕ್ಕೆ ಸಿಕ್ಕಿ ಹೋಗಿತ್ತು. ಅವನಾಗಿರಲಿಕ್ಕಿಲ್ಲ. ಹಾಲ್ ಕಟ್ಟಿದವನಿಗೆ ಮರದ ಮೇಲೆ ಯಾಕೆ ಮಮತೆ?

ಗೊಲ್ಲಾಳಪ್ಪ


ಕೂಕಟ್‌ಪಲ್ಲಿ
೨೯ ಜನವರಿ ೨೦೨೫

ಗೊಲ್ಲಾಳಪ್ಪನವರಿಗೆ,

ಬೆರಳಿನ ತುದಿ ಇಲ್ಲ.

ನೋಡಿದ ಮೇಲೆ ನೇರವಾಗಿಯೇ ಕೇಳಿದೆ, ನೀವು ಗೊಲ್ಲಾಳಪ್ಪನವರ ತಮ್ಮನಾ ಎಂದು. ಕ್ಯಾನು ಬಗ್ಗಿಸುತ್ತಿದ್ದವರು ತಲೆ ಎತ್ತಲಿಲ್ಲ. “ನಾ ಯಾರ ತಮ್ಮನೂ ಅಲ್ಲ. ನೀರ ಹಾಕಾಕತ್ತೀನಿ, ಅಷ್ಟ,” ಎಂದರು. ದಿನಾ ಹಾಕಿದರೆ ಕೊಳೆಯುತ್ತದಂತೆ ಎಂದೆ. ಹಾಗಂತ ಯಾರು ಹೇಳಿದರು ಎಂದರು. ಕಲಬುರಗಿಯಲ್ಲಿ ಒಬ್ಬರಿದ್ದಾರೆ ಎಂದೆ. ಎರಡನೆಯ ಕ್ಯಾನನ್ನು ಹಾಗೇ ತಿರುಗಿ ಒಯ್ದರು. ಮುಂದಿನ ವಾರ ಹೋದಾಗ ನನ್ನ ಬೇಲಿಯನ್ನು ಪೂರಾ ಬಿಚ್ಚಿ, ನೀವು ಬರೆದ ಹಾಗೆಯೇ ಮುಳ್ಳಿನ ತಲೆ ಹೊರಗೆ ಮಾಡಿ ಕಟ್ಟಿಟ್ಟಿದ್ದರು. ನಾನು ಇನ್ನೂ ಅವರಿಗೆ ಹೇಳಿರಲೇ ಇಲ್ಲ. ನಿಮ್ಮಿಬ್ಬರಿಗೂ ಬೇಲಿ ಕಟ್ಟಲು ಒಬ್ಬರೇ ಕಲಿಸಿರಬೇಕು.

ಅವರ ಬಾಯಿ ನಿಮ್ಮದಕ್ಕಿಂತ ಕೆಟ್ಟದ್ದು. ಮೇಡಂ ಜೊತೆಗೂ ಜಗಳವಾಯಿತು. ನಾವು ಒಣಹುಲ್ಲು ಕೆರೆದು ಬೆಂಕಿಗೆ ಅಡ್ಡವಾಗಿ ಬರಿ ಮಣ್ಣಿನ ಪಟ್ಟಿ ಮಾಡುತ್ತೇವಲ್ಲ, ಫಂಕ್ಷನ್ ಹಾಲಿನ ಕಡೆ ಅದು ಸಣ್ಣದಾಯಿತು, ದುಪ್ಪಟ್ಟು ಮಾಡಿ ಎಂದು ಅವರ ಹಟ. ನೀವು ಹಾಲ್ ಕಟ್ಟಿದವರು, ನಮಗೆ ಕಲಿಸಬೇಡಿ ಎಂದರು ಮೇಡಂ. “ಕಟ್ಟಿದವಗ ಗೊತ್ತಿರ್ತೈತಿ. ಮದುವಿ ಸೀಸನ್ ಐತಿ, ಪಟಾಕಿ ಹಾರಸ್ತಾರ,” ಎಂದರು ಅವರು. ಕೊನೆಗೆ ಎರಡು ಭಾನುವಾರ ಬರೀ ಆ ಪಟ್ಟಿಯನ್ನೇ ಅಗಲ ಮಾಡಿದೆವು. ನನ್ನ ಅಂಗೈ ತುಂಬ ಬೊಕ್ಕೆ. ನಿಮ್ಮ ಮನೆತನದವರ ದೆಸೆಯಿಂದ ನನ್ನ ಕೈಗೆ ಸುಖವಿಲ್ಲ.

ಬುಡದಲ್ಲಿ ಏನೂ ಕಾಣುತ್ತಿಲ್ಲ. ಒಣಗಿದ ಕೊರಡು.

ನಿರೀಕ್ಷಾ


ಕಲಬುರಗಿ
೭ ಫೆಬ್ರವರಿ ೨೦೨೫

ನಿರೀಕ್ಷಾಗೆ,

ಅವನ ಸುದ್ದಿ ನನಗೆ ಬೇಕಾಗಿಲ್ಲ. ಕೇಳಿದ್ದು ಬೆರಳಿನ ವಿಷಯ, ನೀನು ಪುಟಗಟ್ಟಲೆ ಬರೆದೆ. ಯಾರ ತಮ್ಮನೂ ಅಲ್ಲ ಅಂದನಲ್ಲ, ನಾನೂ ಯಾರ ಅಣ್ಣನೂ ಅಲ್ಲ. ನಮ್ಮಿಬ್ಬರ ನಡುವೆ ಸುದ್ದಿ ಹೊರುವ ಕೆಲಸ ನಿನಗೆ ಯಾರೂ ಕೊಟ್ಟಿಲ್ಲ.

ಬೇಲಿ ಕಟ್ಟಲು ಕಲಿಸಿದ್ದು ನಾನೇ, ಅವನು ಚಡ್ಡಿ ಹಾಕುವ ಕಾಲದಲ್ಲಿ.

ಎರಡು ಕೈಯಲ್ಲಿ ಎರಡು ಕ್ಯಾನು ಅಂದೆಯಲ್ಲ. ಅವನ ಬಲಭುಜ ಮೊದಲೇ ಸರಿಯಿಲ್ಲ. ಒಂದೊಂದಾಗಿ ಒಯ್ಯಲು ಹೇಳು. ನಾನು ಹೇಳಿದೆ ಅನ್ನಬೇಡ.

ಗೊಲ್ಲಾಳಪ್ಪ


ಕೂಕಟ್‌ಪಲ್ಲಿ
೩ ಮಾರ್ಚ್ ೨೦೨೫

ಗೊಲ್ಲಾಳಪ್ಪನವರಿಗೆ,

ಮೂರು ಸಂಗತಿ ಇವೆ. ಮೂರನೆಯದಕ್ಕೆ ನನಗೆ ನಿಮ್ಮ ಮೇಲೆ ವಿಪರೀತ ಸಿಟ್ಟಿದೆ.

ನಿನ್ನೆ ಸಂಜೆ ಗುಟ್ಟಕ್ಕೆ ಬೆಂಕಿ ಬಿತ್ತು. ಫಂಕ್ಷನ್ ಹಾಲಿನಲ್ಲಿ ಮದುವೆ, ದಿಬ್ಬಣದವರ ಪಟಾಕಿ ಹುಲ್ಲಿಗೆ ಹಾರಿತು. ನಾವು ಕೆಲಸ ಮುಗಿಸಿ ಸಾಮಾನು ಕಟ್ಟುತ್ತಿದ್ದೆವು. ಹೊಗೆ ನೋಡಿ ಓಡಿದರೆ ವಿಠಲ ಅವರು ಆಗಲೇ ಅಲ್ಲಿದ್ದರು. ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿಯುತ್ತಿದ್ದರು, ಮದುವೆ ಮನೆಯವರನ್ನು ತೆಲುಗಿನಲ್ಲೂ ಹಿಂದಿಯಲ್ಲೂ ಬೈಯುತ್ತಿದ್ದರು. ಬೆಂಕಿ ಮಣ್ಣಿನ ಪಟ್ಟಿಯವರೆಗೆ ಬಂದು ನಿಂತಿತು. ಮೊದಲಿನಷ್ಟೇ ಅಗಲವಿದ್ದಿದ್ದರೆ ದಾಟುತ್ತಿತ್ತು, ನಾನೇ ಕಣ್ಣಾರೆ ನೋಡಿದೆ. ದಾಟಿದ ಕಡೆ ಮೊದಲು ಸಿಗುವುದೇ ಬನ್ನಿಯ ಬುಡ. ಅವರ ಮೀಸೆ ಒಂದು ಕಡೆ ಸುಟ್ಟಿದೆ, ಬೇರೇನೂ ಆಗಿಲ್ಲ. ಎಲ್ಲ ಆರಿದ ಮೇಲೆ ಅವರು ಹಾಲಿನ ಕಡೆ ಮುಖ ಮಾಡಿ ಕೂತರು. “ಅಂವ ಅವತ್ತು ಖರೆ ಹೇಳಿದ್ದ,” ಎಂದರು. ಯಾರು ಎಂದು ನಾನು ಕೇಳಲಿಲ್ಲ. ಸುದ್ದಿ ಹೊರಬೇಡ ಎಂದಿದ್ದೀರಿ. ಹೊತ್ತಿದ್ದೇನೆ, ಬೈದುಕೊಳ್ಳಿ.

ಎರಡನೆಯದು, ಬುಡ ಚಿಗುರಿದೆ. ಬೂದಿಯನ್ನು ಒರೆಸಲು ಹೋದಾಗ ಕಂಡೆ. ತೊಗಟೆ ಸೀಳಿಕೊಂಡು ನಾಲ್ಕೈದು ಕಡೆ ಮೊಳಕೆ. ಅಂಗಡಿಯಲ್ಲಿ ಕಣ್ಣಿಗೆ ಹಾಕಿಕೊಳ್ಳುವ ಭೂತಗನ್ನಡಿ ಜೊತೆಗಿತ್ತು, ಮುಳ್ಳು ನೋಡಿದೆ. ಗೆಣ್ಣು ಬಿಟ್ಟು ನಡುವೆ ಇದೆ. ಬನ್ನಿಯೇ.

ಮೂರನೆಯದು. ಚಿಗುರಿನ ಖುಷಿಯಲ್ಲಿ ಮೇಡಂ ಬಾಯಿ ಬಿಟ್ಟರು. ದೀಪಾವಳಿಗೆ ಹೋದವರು ಮಗಳ ಮನೆಯ ಮೆಟ್ಟಿಲಿನಿಂದ ಬಿದ್ದು ಸೊಂಟದ ಎಲುಬು ಮುರಿದುಕೊಂಡಿರಂತೆ. ಮೂರು ತಿಂಗಳು ಅಂಗಾತ ಮಲಗಿದ್ದಿರಂತೆ. ಗುಂಪಿಗೆ ಹೇಳಕೂಡದು ಎಂದು ಮೇಡಂ ಹತ್ತಿರ ಆಣೆ ಹಾಕಿಸಿಕೊಂಡಿರಂತೆ. ಮಲಗಿ ಬರೆದರೆ ಪೆನ್ನಿನಲ್ಲಿ ಶಾಯಿ ಇಳಿಯುವುದಿಲ್ಲ, ಅದಕ್ಕೆ ಪೆನ್ಸಿಲು. ಕಾಲು ಚಾಚಿ ಮಲಗಿ ಪೆನ್ಸಿಲು ಆಡಿಸುತ್ತೀರಿ ಎಂದು ನಾನು ಬರೆದೆ. ನೀವು ಒಂದು ಸಾಲು ತಿರುಗಿ ಬರೆಯಬಾರದಿತ್ತೇ? ನನ್ನನ್ನು ಅಷ್ಟು ಕೆಟ್ಟವಳನ್ನಾಗಿ ಮಾಡಿ ನಿಮಗೇನು ಸಿಕ್ಕಿತು?

ವಿಠಲ ಅವರಿಗೂ ಇದು ಗೊತ್ತಿರಲಿಲ್ಲ. ಮೇಡಂ ಹೇಳುವಾಗ ಪಕ್ಕದಲ್ಲೇ ಇದ್ದರು. ಹಾಗೇ ಗುಟ್ಟ ಇಳಿದು ಹೋದರು. ಕ್ಯಾನು ಅಲ್ಲೇ ಬಿಟ್ಟಿದ್ದರು, ನಾನು ಒಯ್ದು ಮನೆಗೆ ಮುಟ್ಟಿಸಿದೆ.

ನಿರೀಕ್ಷಾ


ಕಲಬುರಗಿ
೧೨ ಮಾರ್ಚ್ ೨೦೨೫

ನಿರೀಕ್ಷಾಗೆ,

ಇದು ಪೆನ್ನು. ದಿಂಬಿಗೆ ಒರಗಿ ಕೂತಿದ್ದೇನೆ. ಅಕ್ಷರದ ಬಗ್ಗೆ ಇನ್ನು ಮಾತಾಡಬೇಡ.

ಬಿದ್ದದ್ದನ್ನು ಯಾಕೆ ಬರೆಯಲಿಲ್ಲ ಅಂದರೆ, ಬರೆದಿದ್ದರೆ ನೀನು ಅಯ್ಯೋ ಪಾಪ ಅನ್ನುತ್ತಿದ್ದೆ. ಆಮೇಲೆ ಜಗಳಕ್ಕೆ ರುಚಿ ಎಲ್ಲಿ? ಈ ಚಳಿಗಾಲ ಹಾಸಿಗೆಯಲ್ಲಿ ಬಿದ್ದವನಿಗೆ ನಿನ್ನ ಮೇಲಿನ ಸಿಟ್ಟೇ ಆಧಾರವಾಗಿತ್ತು. ಮಗಳು ಸ್ನೇಹಲತಾ ಹೇಳುತ್ತಾಳೆ, ನಿನ್ನ ಕಾಗದ ಬಂದ ದಿನ ನಾನು ಎರಡು ರೊಟ್ಟಿ ಹೆಚ್ಚು ತಿನ್ನುತ್ತೇನಂತೆ. ಬೈಯಲು ಶಕ್ತಿ ಬೇಕಲ್ಲ.

ಈಗ ಚಿಗುರಿನ ಮಾತು. ಸರಿಯಾಗಿ ಕೇಳು. ಮೂರು ವರ್ಷ ಅದರ ಒಂದು ಎಲೆಯನ್ನೂ ಯಾರೂ ಕೀಳಬಾರದು. ಎಲ್ಲ ಮೊಳಕೆಯನ್ನೂ ಇಟ್ಟುಕೊಳ್ಳಬೇಡ. ಮಳೆಗಾಲದಲ್ಲಿ ನೆಟ್ಟಗಿರುವ ಒಂದೆರಡು ಬಿಟ್ಟು ಉಳಿದದ್ದನ್ನು ಚಿವುಟು, ಅದೂ ಒಂದೇ ಸಲ. ದಸರೆಗೆ ಜನ ಬಂದರೆ ಬೇಲಿಯ ಹತ್ತಿರ ನಿಲ್ಲು, ಕೈ ಚಾಚಿದವರಿಗೆ ನಿನ್ನ ಬಾಯಿ ತೋರಿಸು. ಅದು ನಿನಗೆ ಬರುತ್ತದೆ.

ನಾನು ದಸರೆಗೆ ಬರುವುದಿಲ್ಲ. ಕೀಳಲು ಎಲೆಯಿಲ್ಲದ ಮೇಲೆ ಆ ಹೊತ್ತಿಗೆ ಅಲ್ಲಿ ಯಾವ ನೆಪಕ್ಕೆ ನಿಲ್ಲಲಿ? ಅವನು ಖರೆ ಅಂದನಂತೆ. ಹಾಗಿದ್ದರೆ ನನ್ನ ಎದುರು ಅನ್ನಬೇಕಿತ್ತು.

ಗೊಲ್ಲಾಳಪ್ಪ


ಕೂಕಟ್‌ಪಲ್ಲಿ
೩ ಅಕ್ಟೋಬರ್ ೨೦೨೫

ಕಾಕಾ ಅವರಿಗೆ,

ಗುಂಪಿನವರೆಲ್ಲ ಹೀಗೇ ಕರೆಯುತ್ತಾರೆ. ನಾನು ಇಷ್ಟು ದಿನ ಬೇಕೆಂದೇ ಕರೆದಿರಲಿಲ್ಲ.

ಬೇಸಿಗೆಯಿಂದ ಈಚೆಗೆ ಕಾಗದವಿಲ್ಲ. ಬೈಯಲು ಕಾರಣ ಸಿಗದೆ ಸುಮ್ಮನಿದ್ದಿರಿ ಎಂದುಕೊಂಡೆ. ಈಗ ಕಾರಣ ಕಳಿಸುತ್ತಿದ್ದೇನೆ.

ನಿನ್ನೆ ದಸರೆ. ನೀವು ಹೇಳಿದಂತೆ ಮಧ್ಯಾಹ್ನವೇ ಹೋಗಿ ಬೇಲಿಯ ಹತ್ತಿರ ನಿಂತೆ. ಚಿಗುರು ಈಗ ನನ್ನ ಎದೆಯ ಎತ್ತರವಿದೆ. ಕಾಲೊನಿಯ ಜನ ಬಂದರು, ನೋಡಿದರು, ಕೈ ಮುಗಿದು ಪೇಟೆಯಲ್ಲಿ ಕೊಂಡ ಎಲೆಯನ್ನೇ ಹಂಚಿಕೊಂಡರು. ಯಾರೂ ಮುಟ್ಟಲಿಲ್ಲ. ವಿಠಲ ಕಾಕಾ ಎಲ್ಲರಿಗಿಂತ ಮೊದಲು ಬಂದು ಕಲ್ಲಿನ ಮೇಲೆ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಸ ಟೊಪ್ಪಿಗೆ. ಪ್ರತಿ ಸಲ ಕೆಳಗೆ ಆಟೋ ನಿಂತ ಸದ್ದಾದಾಗ ತಲೆ ಎತ್ತಿ ದಾರಿ ನೋಡುತ್ತಿದ್ದರು. ನೀವು ಬರುವುದಿಲ್ಲ ಎಂದು ನಾನು ಹೇಳಬೇಕಿತ್ತು.

ಹೊತ್ತು ಮುಳುಗಿತು, ಜನ ಇಳಿದು ಹೋದರು. ಆಗ ಅವರು ಎದ್ದು ಬಂದು, ಬೇಲಿಯೊಳಗೆ ಕೈ ಹಾಕಿ ಒಂದು ಟೊಂಗೆ ಲಟಕ್ಕನೆ ಮುರಿದರು. ನಾನು ಕೈ ಹಿಡಿದುಕೊಂಡೆ. ಕೂಗಾಡಿದೆ. ಮೂರು ವರ್ಷ ಕೀಳಬಾರದು ಅಂತ ನಿಮ್ಮ ಅಣ್ಣ ಬರೆದಿದ್ದಾರೆ, ಇದನ್ನು ಕಂಡರೆ ನಿಮಗೂ ನನಗೂ ಸೇರಿಸಿ ಬೈಯುತ್ತಾರೆ ಎಂದೆ.

“ಬೈಲಿ,” ಎಂದರು. “ಬೈಯಾಕರ ಬಾಯಿ ಬಿಡ್ಲಿ.”

ಟೊಂಗೆಯನ್ನು ನನ್ನ ಅಂಗೈಯಲ್ಲಿಟ್ಟು, ಅಂಚೆಗೆ ಹಾಕು ಎಂದರು. ಕಾಲು ಮುಟ್ಟುವುದು ಹೇಗೆ ಕಳಿಸುವುದೋ ಗೊತ್ತಿಲ್ಲ ಎಂದೂ ಹೇಳಿದರು. ಆಮೇಲೆ ನನಗೆ ಬೆನ್ನು ಮಾಡಿ ನಿಂತರು, ನಾನು ಗುಟ್ಟ ಇಳಿಯುವವರೆಗೂ ತಿರುಗಲಿಲ್ಲ.

ಲಕೋಟೆಯಲ್ಲಿರುವುದು ಅದೇ. ನಾನು ಕಿತ್ತದ್ದಲ್ಲ. ಕಾವಲು ಕಾಯಲಾಗದ್ದು ಮಾತ್ರ ನನ್ನ ತಪ್ಪು.

ನಿರೀಕ್ಷಾ


ಕಲಬುರಗಿ
೧೦ ಅಕ್ಟೋಬರ್ ೨೦೨೫

ವಿಠಲನಿಗೆ,

ಮೂರು ವರ್ಷ ಎಲೆ ಮುಟ್ಟಬೇಡ ಎಂದು ಆ ಹುಡುಗಿಗೆ ಬರೆದಿದ್ದೆ. ಸಮುದ್ರದ ಕಡೆಯವಳು, ಜಾಲಿ ಯಾವುದು ಬನ್ನಿ ಯಾವುದು ತಿಳಿಯದವಳು, ಅವಳು ಕೇಳಿದಳು. ನೀನು ಕೇಳಲಿಲ್ಲ. ನೀನು ಎಂದೂ ನನ್ನ ಮಾತು ಕೇಳಿದವನಲ್ಲ. ಒಂದು ವರ್ಷ ತುಂಬದ ಚಿಗುರಿನ ಟೊಂಗೆ ಮುರಿಯಲು ನಿನಗೆ ಕೈಯಾದರೂ ಹೇಗೆ ಬಂತು?

ತಿರುಗಿ ಕೊಡುವ ಪದ್ಧತಿ ಇದ್ದಿದ್ದರೆ ಇದೇ ಲಕೋಟೆಯಲ್ಲಿ ಹಾಕಿ ಕಳಿಸುತ್ತಿದ್ದೆ. ಇಲ್ಲ. ಅದಕ್ಕೇ ಇಟ್ಟುಕೊಂಡಿದ್ದೇನೆ.

ಬೈಯುವುದು ಇನ್ನೂ ಭಾಳ ಇದೆ, ಕಾಗದ ಸಾಲುವುದಿಲ್ಲ. ಬೇವಿನ ಮರದಿಂದ ಶುರು ಮಾಡಬೇಕು. ದೀಪಾವಳಿ ಮುಗಿದ ಮೊದಲ ಭಾನುವಾರ ಗುಟ್ಟದ ಕೆಲಸ ಆರಂಭ. ಹಿಂದಿನ ದಿನ ಸಂಜೆಯ ಗಾಡಿಗೆ ಬರುತ್ತೇನೆ. ಕೋಲು ಹಿಡಿದು ನಡೆಯುತ್ತೇನೆ, ಆದರೆ ಗಾಡಿಯಿಂದ ಇಳಿಯಲು ಒಬ್ಬರು ತೋಳು ಹಿಡಿಯಬೇಕು. ಅವತ್ತು ಜೆಸಿಬಿಯ ಮುಂದೆ ಹಿಡಿದೆಯಲ್ಲ, ಅದೇ ತೋಳು.

ಸ್ಟೇಷನ್ನಿಗೆ ಬಾ. ಮೊದಲು ನೀನು ಮಾತಾಡಬೇಡ, ನಾನು ಬೈಯಬೇಕು.

ನಿನ್ನ ಅಣ್ಣ,
ಗೊಲ್ಲಾಳಪ್ಪ